ಬಿಳಿ ಅಂಗಿಗೆ ಕಪ್ಪು ತೋಳು

ನನ್ನ ಗಂಡನ ಅಕ್ಕ ಮೆಲೆನಾಯ್ಟೆ ಆಕ್ಲೆಂಡಿನಲ್ಲಿ ಹೊಲಿಸಿ ತಂದ ಬಿಳಿ ಅಂಗಿಗೆ ತೋಳಿರಲಿಲ್ಲ. ನನ್ನ ಮಗಳ ಕಥೆ ಹೇಳಬೇಕಾದರೆ ಅಲ್ಲಿಂದಲೇ ಹೇಳಬೇಕು. ಕಲೋ ಒಂದು ವರ್ಷ ತನ್ನ ಕೈಗಳನ್ನು ಯಾರಿಗೂ ತೋರಿಸಿರಲಿಲ್ಲ. ಆ ವರ್ಷವೆಲ್ಲ ಅವಳು ತನ್ನನ್ನು ತಾನೇ ನೋಯಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಸಾವಿಗೆ ಉಟ್ಟ ಕಪ್ಪು ಬಟ್ಟೆ ಅದನ್ನೆಲ್ಲ ಮುಚ್ಚಿಟ್ಟಿತ್ತು.

ಪೂರ್ತಿ ಹೆಸರು ಕಲೋಲಾಯಿನೆ. ಆಗ ಹದಿನಾರು ವಯಸ್ಸು. ಹೆಸರಿಟ್ಟವಳೂ ಮೆಲೆನಾಯ್ಟೆಯೇ. ನಮ್ಮ ಟೊಂಗಾ ದ್ವೀಪದಲ್ಲಿ ಅಪ್ಪನ ಅಕ್ಕನ ಮಾತಿಗೆ ಎದುರಿಲ್ಲ. ಅವಳು ಬಂದು ನಾನು ನೇಯ್ದ ಚಾಪೆ ಬೇಕೆಂದರೆ ಸುತ್ತಿ ಕೊಡಬೇಕು. ಹಂದಿ ಬೇಕೆಂದರೆ ಹಿಡಿದು ಕೊಡಬೇಕು. ತನ್ನ ತಮ್ಮನನ್ನು ಮಣ್ಣು ಮಾಡಿದ ದಿನ ಕಲೋಳ ಜಡೆ ಕತ್ತರಿಸಿದವಳು ಅವಳೇ. ಕಪ್ಪು ಉಡಿಸಿದವಳು ಅವಳೇ. ಕಪ್ಪು ತೆಗೆಸುವವಳೂ ಅವಳೇ ಆಗಬೇಕು.

ನನ್ನ ಗಂಡ ಸೈಮೋನೆ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಸಕ್ಕರೆ ಕಾಯಿಲೆಯವನು. ಪಾದದಲ್ಲಿ ಹವಳದ ಚೂರು ಹೊಕ್ಕು ಕೊಳೆಯುತ್ತಿದ್ದರೂ ಅವನಿಗೆ ತಿಳಿಯಲಿಲ್ಲ. ಆ ಕಾಲಿಗೆ ನೋವೇ ಇರಲಿಲ್ಲ. ಪಾದ ತೆಗೆದರು. ಪಾದವನ್ನು ಮರದ ಪೆಟ್ಟಿಗೆಯಲ್ಲಿಟ್ಟು ಸ್ಮಶಾನದ ಮೂಲೆಯಲ್ಲಿ ಹೂಳಿದೆವು. ಪಾದ ಹೋದ ಕಾಲಿನ ಗಾಯ ಮಾಗಲೇ ಇಲ್ಲ. ಅದಕ್ಕೆ ಪಟ್ಟಿ ಕಟ್ಟುತ್ತಿದ್ದವಳು ಕಲೋ. ನನಗೆ ಆ ವಾಸನೆ ಆಗುತ್ತಿರಲಿಲ್ಲ. ಅವಳು ಶಾಲೆಯಿಂದ ಬಂದ ಕೂಡಲೇ ಅವನು ಜಗಲಿಯಿಂದ ಕೂಗುತ್ತಿದ್ದ.

"ಕಲೋ, ಕಟ್ಟು ಬಾರೇ."

ಅವಳು ಚೀಲ ಇಟ್ಟು ಬಂದು ಕೂರುತ್ತಿದ್ದಳು. ಪಟ್ಟಿಯ ತುದಿಯನ್ನು ಸೀಳಿ, ಒಂದನ್ನು ಒಳಗೆ ಮಡಿಸಿ, ಗಂಟು ಮೇಲೆ ಕಾಣದಂತೆ ಹಾಕುತ್ತಿದ್ದಳು. ಹಾಸಿಗೆಗೆ ಉಜ್ಜಿ ಬಿಚ್ಚಿಹೋಗಬಾರದೆಂದು ತಾನೇ ಕಂಡುಕೊಂಡ ಗಂಟು.

ಅವನು ಸತ್ತ ಮೇಲೆ ಉಳಿದ ಪಟ್ಟಿಯ ಸುರುಳಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಟ್ಟಣಿಗೆ ಮೇಲಿಟ್ಟೆ. ಎಸೆಯಲು ಮನಸ್ಸಾಗಲಿಲ್ಲ.

ಕಲೋಳನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಎಲ್ಲರೂ ಅವಳ ಮೇಲೆ ಒರಗಿದರು, ಅಷ್ಟೆ. ತರಗತಿಗೆ ಅವಳೇ ನಾಯಕಿ. ಪರೀಕ್ಷೆಗೆ ಓದಬೇಕು. ಚಿಕ್ಕವಳು ಲೂಪೆಯನ್ನು ಮೀಯಿಸಬೇಕು. ಭಾನುವಾರ ಗುಂಡಿ ತೋಡಿ ಹೂಡುವ ನೆಲದೊಲೆಗೆ ಕೆಸುವಿನ ಎಲೆ ಸುತ್ತಬೇಕು. ಚರ್ಚಿನ ಹಾಡಿನವರಿಗೆ ಅವಳ ಕಂಠ ಬೇಕು. ಆಕ್ಲೆಂಡಿನ ನೆಂಟರಿಂದ ಫೋನು ಬಂದರೆ ಒಂದೇ ಮಾತು: "ನೀನು ನರ್ಸ್ ಆಗ್ಬೇಕು ಅಂತ ನಿಮ್ಮಪ್ಪನ ಆಸೆ. ನೀನು ಗಟ್ಟಿ ಹುಡುಗಿ." ಗಟ್ಟಿ ಹುಡುಗಿ ಎಂದವರಲ್ಲಿ ನಾನೂ ಇದ್ದೆ. ಮಳೆಗಾಲದ ಸೆಕೆಯಲ್ಲೂ ಅವಳು ಮಣಿಕಟ್ಟಿನವರೆಗೆ ಕಪ್ಪು ತೋಳು ಇಳಿಬಿಟ್ಟುಕೊಂಡು ಓಡಾಡುವುದನ್ನು ನೋಡಿ ಊರಿನ ಹೆಂಗಸರು ನನ್ನನ್ನೇ ಚುಚ್ಚುತ್ತಿದ್ದರು.

"ಸೀಲಿಯಾ, ಗಂಡ ಸತ್ತಿದ್ದು ನಿಂಗೋ, ನಿನ್ ಮಗಳಿಗೋ? ನೀನು ಬಾವಿಕಟ್ಟೇಲಿ ತೋಳು ಮಡಚ್ತೀಯ. ಅವಳು ಒಂದಿನ ಮಡಚಲ್ಲ ನೋಡು."

ನನಗೆ ಹೆಮ್ಮೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಡಬ್ಬಿ ಇಳಿಸಿ ನೋಡಿದೆ. ಅವನ ವಸ್ತು ಏನಾದರೂ ಮುಟ್ಟಬೇಕೆನಿಸಿತ್ತು. ಎಳನೀರಿನಷ್ಟು ದಪ್ಪಗಿದ್ದ ಸುರುಳಿ ನಿಂಬೆಯಷ್ಟಾಗಿತ್ತು. ಇನ್ನೊಂದು ಇರಲೇ ಇಲ್ಲ.

ನಮ್ಮಲ್ಲಿ ಸತ್ತವರು ಬರುವುದು ಹೊಸದಲ್ಲ. ಗೋರಿಯೊಳಗೆ ಬೇರು ತಲೆಬುರುಡೆಗೆ ಚುಚ್ಚಿದರೆ ಇಲ್ಲಿ ಮನೆಯವರಿಗೆ ತಲೆ ಸಿಡಿಯುತ್ತದೆ. ಅಗೆದು ಬೇರು ಬಿಡಿಸಿದರೆ ನೋವು ಹೋಗುತ್ತದೆ. ನನ್ನ ತಾಯಿಗೆ ಹಾಗೆ ಆಗಿತ್ತು. ಆದ್ದರಿಂದ ನನಗೆ ಬೇರೇನೂ ಹೊಳೆಯಲಿಲ್ಲ. ಸೈಮೋನೆ ಬರುತ್ತಿದ್ದಾನೆ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಹೋಗುತ್ತಿದ್ದಾನೆ. ನನಗೆ ಭಯವಾಗಲಿಲ್ಲ. ಖುಷಿಯಾಯಿತು. ನೇಯುತ್ತ ಕೂತಾಗ ಜಗಲಿಯ ಹಲಗೆ ಕಿರ್ ಎಂದರೆ ತಲೆ ಎತ್ತುತ್ತಿರಲಿಲ್ಲ. ನೋಡಿದರೆ ಹೋಗಿಬಿಡುತ್ತಾನೆಂದು.

ಕಲೋಳನ್ನು ಕೇಳಿದೆ. "ಅಪ್ಪ ಬರ್ತಾನೆ ಅಲ್ವೇನೇ? ನಿಂಗೆ ಕಾಣ್ತಾನಾ?"

ಅವಳು ಗೆಣಸು ಸುಲಿಯುತ್ತಿದ್ದಳು. ಕೈ ನಿಂತಿತು. "ಯಾಕಮ್ಮ?"

"ಪಟ್ಟಿ ಕಮ್ಮಿ ಆಗ್ತಿದೆ."

ಸುಲಿದ ಗೆಣಸನ್ನೇ ಮತ್ತೆ ಸುಲಿದಳು. ಆಮೇಲೆ "ಬರ್ತಾರೇನೋ ಅಮ್ಮ" ಎಂದಳು.

ನಾನು ಆರೋಗ್ಯ ಕೇಂದ್ರದ ನರ್ಸು ಆಕೋಸಿತಾಳಿಂದ ಹೊಸ ಸುರುಳಿ ಕೇಳಿ ತಂದು ಡಬ್ಬಿಯಲ್ಲಿಟ್ಟೆ. ಅವಳು ಯಾರಿಗೆಂದು ಕೇಳಿದಳು. ಮನೆಯಲ್ಲಿರಲಿ ಎಂದೆ. ಅದೂ ಸವೆಯಿತು. ಮೆಲೆನಾಯ್ಟೆಗೆ ಫೋನು ಮಾಡಿ ಹೇಳಿದೆ. ಅವಳು ಅತ್ತಳು. ಪಾದ ಒಂದು ಕಡೆ, ಮೈ ಒಂದು ಕಡೆ ಇದ್ದರೆ ಅವನು ಹೇಗೆ ಮಲಗುತ್ತಾನೆ, ಸೇರಿಸಿ ಎಂದಳು. ನನ್ನ ಅಣ್ಣಂದಿರು ಮೂಲೆಯ ಪೆಟ್ಟಿಗೆ ತೆಗೆದು ಅವನ ಕಾಲ ಬುಡದಲ್ಲಿ ಹೂಳಿದರು. ಗೋರಿ ಮೇಲೆ ಹಾಸಲು ಕಲೋ ಕಡಲತೀರದಿಂದ ಕಪ್ಪು ಹರಳುಗಲ್ಲು ಹೊತ್ತು ತಂದಳು. ಬಿಸಿಲಿಗೆ ಬೆವರು ತೋಳಿನಿಂದ ತೊಟ್ಟಿಕ್ಕುತ್ತಿತ್ತು. ಮಡಚಲಿಲ್ಲ. ಅಪ್ಪನ ಕಾಲ ಬಳಿ ಹರಳು ಸುರಿದು, ಅಂಗೈಯಿಂದ ಸವರಿ ಸಮ ಮಾಡುತ್ತಲೇ ಇದ್ದಳು. "ಸಾಕು ಏಳೇ" ಎಂದು ನಾನೇ ಎಬ್ಬಿಸಬೇಕಾಯಿತು.

ಆಮೇಲೂ ಪಟ್ಟಿ ಸವೆಯಿತು. ಪಾಪ, ಅವನಿಗೆ ಇನ್ನೂ ಸಮಾಧಾನವಿಲ್ಲ ಎಂದುಕೊಂಡೆ.

ಮೇ ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಮಕ್ಕಳ ಭಾನುವಾರ. ಮಕ್ಕಳೆಲ್ಲ ಹೊಸ ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ನಿಂತು ಬೈಬಲ್ಲಿನ ವಚನ ಒಪ್ಪಿಸುತ್ತಾರೆ. ಅಷ್ಟರಲ್ಲಿ ಸೈಮೋನೆ ಸತ್ತು ವರ್ಷ ತುಂಬಿತ್ತು. ಮೆಲೆನಾಯ್ಟೆ ಅದೇ ವಾರ ಆಕ್ಲೆಂಡಿನಿಂದ ಬಂದಿಳಿದಳು. ಬಂದವಳೇ ನಾವು ಹೆಂಗಸರು ಚಾಪೆ ನೇಯುವ ಮನೆಗೆ ಬಂದು ಎಲ್ಲರ ನಡುವೆ ಅಂಗಿ ಬಿಡಿಸಿ ಹಿಡಿದಳು. ಕುತ್ತಿಗೆಗೆ ಲೇಸು, ಸೊಂಟಕ್ಕೆ ರಿಬ್ಬನ್ನು. ತೋಳಿಲ್ಲ.

"ಕಲೋ, ಬಾ ಇಲ್ಲಿ. ಹಾಕ್ಕೊಂಡು ತೋರಿಸು. ಸಾಕು ಈ ಕಾಗೆ ವೇಷ."

ಕಲೋ ಎದ್ದು ನಿಂತಳು. ಬರಲಿಲ್ಲ.

"ಅತ್ತೆ, ನಾನು ಇನ್ನೊಂದು ವರ್ಷ ಕಪ್ಪು ಉಡ್ತೀನಿ."

ನೇಯುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ಲೊಚಗುಟ್ಟಿದರು. "ಅಯ್ಯೋ ನನ್ ಕಂದ" ಎಂದಳು ಒಬ್ಬಳು. "ಇಂಥ ಮಗಳು ಇರೋದಾದ್ರೆ ನಾನೂ ಇವತ್ತೇ ಸಾಯ್ತೀನಿ" ಎಂದಳು ಇನ್ನೊಬ್ಬಳು. "ನೀನು ಸತ್ರೆ ನಿನ್ ಮಗಳು ಕೆಂಪು ಉಡ್ತಾಳೆ ಬಿಡು" ಎಂದು ಪಕ್ಕದವಳು ಹೇಳಿ ಎಲ್ಲರೂ ನಕ್ಕರು.

ಮೆಲೆನಾಯ್ಟೆ ನಗಲಿಲ್ಲ. ಅವಳಿಗೆ ಇಲ್ಲ ಅಂದವರಿಲ್ಲ. ಎದ್ದು ಹೋಗಿ ಕಲೋಳ ತೋಳು ಹಿಡಿದು ಎಳೆದಳು. ಕಲೋ ಕೊಸರಿದಳು. ಗುಂಡಿ ಕಿತ್ತು ತೋಳು ಮೇಲಕ್ಕೆ ಸರಿಯಿತು. ಒಳಗೆ ಬಿಳಿ ಪಟ್ಟಿ.

ಅದು ಕಂಡದ್ದು ನಮ್ಮಿಬ್ಬರಿಗೆ ಮಾತ್ರ. ಉಳಿದವರಿಗೆ ಮೆಲೆನಾಯ್ಟೆಯ ಬೆನ್ನು ಅಡ್ಡವಿತ್ತು. ನಾನು ನೋಡಿದ್ದು ಗಂಟನ್ನು. ತುದಿ ಸೀಳಿ, ಒಂದನ್ನು ಒಳಗೆ ಮಡಿಸಿದ ಗಂಟು. ಒಂದೇ ಕೈಯಲ್ಲಿ, ಹಲ್ಲಿನಲ್ಲಿ ಎಳೆದು ಹಾಕಿದ್ದು.

"ಕೇದಗೆ ಮುಳ್ಳು ಗೀರಿದೆ ಅತ್ತಿಗೆ" ಎಂದೆ. ತೋಳು ಕೆಳಗೆಳೆದೆ. "ಮೊನ್ನೆ ಚಾಪೆಗೆ ಎಲೆ ಕೊಯ್ಯೋವಾಗ. ಮನೇಲಿ ಹಾಕಿ ನೋಡೋಣ ಬನ್ನಿ."

ಮನೆಯಲ್ಲಿ ಬಾಗಿಲು ಹಾಕಿದೆ. ಹಗಲು ಬಾಗಿಲು ಹಾಕುವುದು ನಮ್ಮಲ್ಲಿಲ್ಲ. ಪಟ್ಟಿ ಬಿಚ್ಚಿದೆ. ನೋಡಿದ್ದನ್ನು ಹೇಳುವುದಿಲ್ಲ. ಕೇದಗೆ ಮುಳ್ಳಿನ ಗಾಯ ನನಗೆ ಗೊತ್ತು. ಅದಲ್ಲ.

ಸೈಮೋನೆ ಬರುತ್ತಿರಲಿಲ್ಲ. ಒಂದು ದಿನವೂ ಬಂದಿರಲಿಲ್ಲ. ಅಂದು ನಾನು ಎರಡನೇ ಸಲ ವಿಧವೆಯಾದೆ. ಅದಕ್ಕೆ ಅಳಲು ಹೊತ್ತಿರಲಿಲ್ಲ.

ಮೆಲೆನಾಯ್ಟೆ ಗೋಡೆಗೆ ಒರಗಿದಳು. "ಇವಳಿಗೆ ಏನೋ ಮೆಟ್ಟಿದೆ. ಎಲೆ ಮದ್ದಿನವಳನ್ನ ಕರೆಸು ಸೀಲಿಯಾ. ಹಿಂದೆ ನಮ್ಮವರು ಸತ್ತವರಿಗೋಸ್ಕರ ಹಿಂಗೇ ಮೈ ನೋಯಿಸ್ಕೊಳ್ತಿದ್ರಂತೆ. ಪಾದ್ರಿಗಳು ಬಂದು ಬಿಡಿಸಿದ್ರು. ಅದು ಮತ್ತೆ ಬಂದಿದೆ."

"ಅವರು ಎಲ್ಲರ ಮುಂದೆ ಮಾಡ್ತಿದ್ರು. ಜನ ಕೈ ಹಿಡ್ಕೊಳ್ತಿದ್ರು. ಇವಳ ಕೈ ಯಾರು ಹಿಡಿದ್ರು? ವರ್ಷ ಪೂರ್ತಿ ದೆವ್ವಕ್ಕೆ ಪಟ್ಟಿ ತಂದಿಟ್ಟೆ ಅತ್ತಿಗೆ. ಇದು ದೆವ್ವ ಅಲ್ಲ. ಇವಳೇ."

ಅವಳಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

ಕಲೋ ನೆಲ ನೋಡುತ್ತಿದ್ದಳು. ಯಾಕೆ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು.

"ಅಪ್ಪಂಗೆ ಕಾಲು ಕೊಳೀತಿದ್ರೂ ನೋವಾಗ್ತಿರ್ಲಿಲ್ಲ. ನಂಗೂ ಹಂಗೇ ಆಗಿದೆ ಅಮ್ಮ. ಒಳಗೆ. ಎಲ್ರೂ ಏನೋ ಹೇಳ್ತಾರೆ, ಮಾಡ್ತೀನಿ, ನಗ್ತೀನಿ. ಏನೂ ಗೊತ್ತಾಗಲ್ಲ. ಇನ್ನೂ ಇದೀನಾ ಅಂತ ನೋಡ್ಕೊಳ್ತಿದ್ದೆ. ಆಮೇಲೆ ಬಿಡಕ್ಕೆ ಆಗ್ಲಿಲ್ಲ."

"ಬದುಕು ಸಾಕು ಅಂತ ಅನ್ಸುತ್ತಾ? ಸಾಯ್ಬೇಕು ಅಂತ?" ಎಂದು ನೇರ ಕೇಳಿದೆ. ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ.

"ಇಲ್ಲ. ಒಂದೊಂದ್ಸಲ ಮಲ್ಗಿದ್ರೆ ಏಳೋದೇ ಬೇಡ ಅನ್ಸುತ್ತೆ."

ಮೆಲೆನಾಯ್ಟೆ ಕೆಳಗೆ ಕೂತಳು. ಅವಳು ತಮ್ಮನ ಮಕ್ಕಳ ಮುಂದೆ ನೆಲಕ್ಕೆ ಕೂರುವವಳಲ್ಲ. ಕೈ ಚಾಚಿದಳು.

"ಯಾವುದರಲ್ಲಿ ಮಾಡ್ಕೊಳ್ತೀಯೋ ಅದನ್ನ ನಂಗೆ ಕೊಡು. ನಾನು ನಿಮ್ಮಪ್ಪನ ಅಕ್ಕ. ಈ ಮನೇಲಿ ನಾನು ಕೇಳಿದ್ದನ್ನ ಇಲ್ಲ ಅನ್ನೋ ಹಂಗಿಲ್ಲ. ಚಾಪೆ ಕೇಳಿದೀನಿ, ಹಂದಿ ಕೇಳಿದೀನಿ. ಇವತ್ತು ಇದು ಕೇಳ್ತಿದೀನಿ."

ಕಲೋ ಎದ್ದು ಹೋಗಿ ತಂದು ಕೊಟ್ಟಳು. ಮೆಲೆನಾಯ್ಟೆ ಅದನ್ನು ಕೈಚೀಲಕ್ಕೆ ಹಾಕಿ, ಚೀಲವನ್ನು ಕೆಳಗಿಟ್ಟುಕೊಂಡು ಅದರ ಮೇಲೆಯೇ ಕೂತಳು. ದೊಡ್ಡ ಹೆಂಗಸು. ಅಲುಗಾಡಲಿಲ್ಲ. ಹಾಗೆಯೇ ಕೂತು ಅತ್ತಳು.

ಮಧ್ಯಾಹ್ನವೇ ಆಕೋಸಿತಾಳ ಬಳಿ ಹೋದೆವು. ಸೈಮೋನೆಯ ಕಾಲು ನೋಡಿದ್ದವಳು ಅವಳೇ. ಕಲೋಗೆ ಪಟ್ಟಿ ಕಟ್ಟಲು ಕಲಿಸಿದವಳೂ ಅವಳೇ. ಕಲೋ ಅಂದದ್ದನ್ನೆಲ್ಲ ನಮ್ಮಿಂದ ಕೇಳಿಕೊಂಡು ಗಾಯ ತೊಳೆದಳು. ಬೈಯಲಿಲ್ಲ.

"ನೋವಾಗ್ತಿದೆಯಾ?"

"ಹ್ಞೂಂ."

"ಹಂಗಿದ್ರೆ ನಿಂಗೆ ಅಪ್ಪನ ಕಾಯಿಲೆ ಬಂದಿಲ್ಲ. ನೀನು ದಣಿದಿದೀಯ. ದಣಿವಿಗೂ ಔಷಧಿ ಇದೆ. ವಾರ ವಾರ ಬಾ. ಮಾತಾಡೋಕೆ ಒಬ್ಬ ಡಾಕ್ಟ್ರು ಪೇಟೆಯಿಂದ ಬರ್ತಾರೆ. ಮತ್ತೆ ಹಂಗೆ ಮಾಡ್ಕೊಬೇಕು ಅನ್ಸಿದ್ರೆ, ಮಾಡ್ಕೊಳ್ಳೋ ಮುಂಚೆ ಅಮ್ಮನ ಹತ್ರ ಹೋಗು. ಅಮ್ಮ ಸಿಗದಿದ್ರೆ ನನ್ ಬಾಗಿಲು ಬಡಿ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಕಾವಲು ನಿಲ್ಲಬೇಡ. ಜೊತೇಲಿರು. ಅವಳ ಹೊರೆ ಸ್ವಲ್ಪ ಇಳಿಸು."

ಹೊರೆ ಇಳಿಸಿದೆ. ಹಾಡಿನವರಿಗೆ ಬೇಡ ಎಂದೆ. ಲೂಪೆಯನ್ನು ನಾನೇ ಮೀಯಿಸಿದೆ. ಫೋನು ಬಂದರೆ ಮೆಲೆನಾಯ್ಟೆ ಎತ್ತಿಕೊಂಡು "ಹುಡುಗಿ ಏನಾಗ್ತಾಳೋ ಅವಳೇ ನೋಡ್ಕೊಳ್ತಾಳೆ, ಇಡು" ಎನ್ನುತ್ತಿದ್ದಳು.

ಉಳಿದದ್ದು ಭಾನುವಾರ. ವಚನ ಒಪ್ಪಿಸದೆ ಇದ್ದರೂ ಆಗಬಹುದಿತ್ತು. ಕಲೋಳೇ ಹೇಳಿದಳು: "ವಚನ ಬಾಯಿಪಾಠ ಬರುತ್ತೆ. ಅಪ್ಪನೇ ಹೇಳ್ಕೊಟ್ಟಿದ್ದು. ಹೇಳ್ಬೇಕು. ಕೈ ಮಾತ್ರ…"

ನಾನು ಕತ್ತರಿ ತಂದೆ. ನನ್ನ ಕಪ್ಪು ಅಂಗಿಯ ತೋಳು ಎರಡೂ ಕತ್ತರಿಸಿದೆ. ಬಿಳಿ ಅಂಗಿಗೆ ಇಟ್ಟು ಹೊಲಿದೆ. ವಿಧವೆ ಬರಿದೋಳಿನಲ್ಲಿ ಚರ್ಚಿಗೆ ಹೋಗುವುದಿಲ್ಲ. ಮೆಲೆನಾಯ್ಟೆ ಬಾಯಿ ತೆರೆದಳು, ಮುಚ್ಚಿದಳು. "ಎಡಗಡೆ ತೋಳು ವಾರೆ ಆಗಿದೆ, ಬಿಚ್ಚಿ ಹೊಲಿ" ಎಂದಳು.

ಚರ್ಚಿನಲ್ಲಿ ಬಿಳಿ ಬಟ್ಟೆಯ ಮಕ್ಕಳ ಸಾಲಿನಲ್ಲಿ ಅವಳೊಬ್ಬಳ ತೋಳು ಕಪ್ಪು. ಜನ ಅವಳನ್ನು ನೋಡಿದರು, ನನ್ನ ಬರಿದೋಳು ನೋಡಿದರು. ಹಿಂದಿನ ಸಾಲಿನಲ್ಲಿ ಗುಸುಗುಸು. ಮೆಲೆನಾಯ್ಟೆ ಇಡೀ ಮೈ ಹಿಂದಕ್ಕೆ ತಿರುಗಿಸಿ ನೋಡಿದಳು. ನಿಂತಿತು. ಆಗ ಲೂಪೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಅಮ್ಮ, ಅಕ್ಕ ನಮ್ಮ ಹಂದಿ ಥರ ಕಾಣ್ತಾಳೆ. ಮೈ ಬಿಳಿ, ಕಾಲು ಕಪ್ಪು."

ಕಲೋಳ ತುಟಿ ಅದುರಿತು. ಅಳುತ್ತಾಳೆಂದುಕೊಂಡೆ. ನಕ್ಕಳು. ಬಾಯಿಗೆ ಕಪ್ಪು ತೋಳು ಅಡ್ಡ ಹಿಡಿದು ಭುಜ ಕುಲುಕುವಂತೆ ನಕ್ಕಳು. ಆಮೇಲೆ ವಚನ ಹೇಳಿದಳು. ಮಧ್ಯೆ ಒಂದು ಸಾಲು ಮರೆತಳು. ಯಾರೂ ಹೇಳಿಕೊಡಲಿಲ್ಲ. ತಾನೇ ನೆನಪಿಸಿಕೊಂಡಳು.

ಅಲ್ಲಿಗೆ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಆಮೇಲೂ ಆಗಿದೆ. ಮೊದಲಿನಷ್ಟಿಲ್ಲ. ಡಬ್ಬಿ ಈಗ ಅಟ್ಟಣಿಗೆ ಮೇಲಿಲ್ಲ, ಮೇಜಿನ ಮೇಲೆ ಮುಚ್ಚಳವಿಲ್ಲದೆ ಇದೆ. ಹೋಗುತ್ತ ಬರುತ್ತ ಸುರುಳಿಯ ಗಾತ್ರ ಕಣ್ಣಲ್ಲೇ ನೋಡುತ್ತೇನೆ. ಜಗಲಿಯ ಹಲಗೆ ಈಗಲೂ ಕಿರ್ ಎನ್ನುತ್ತದೆ. ಈಗ ತಲೆ ಎತ್ತುತ್ತೇನೆ.

ಒಂದು ಸಂಜೆ ನೇಯುತ್ತ ಕೂತಿದ್ದೆ. ಹಲಗೆ ಕಿರ್ ಎಂದಿತು. ಕಲೋ ಡಬ್ಬಿ ಹಿಡಿದು ನಿಂತಿದ್ದಳು. ಮುಖ ಬಿಳುಚಿತ್ತು. ತೋಳು ತಾನೇ ಮಡಚಿದ್ದಳು.

"ಅಮ್ಮ, ಕಟ್ಟು ಬಾ" ಎಂದಳು.

ಅದು ಸೈಮೋನೆ ಕೂಗುತ್ತಿದ್ದ ಮಾತು. ಅವನು ಕೂರುತ್ತಿದ್ದ ಜಾಗ. ಎಲೆ ಕೆಳಗಿಟ್ಟು ಹೋಗಿ ಕೂತೆ. ತೊಳೆದೆ. ಪಟ್ಟಿ ಸುತ್ತಿದೆ. ತುದಿಗೆ ಬಂದಾಗ ನಿಂತೆ. ಆ ಗಂಟು ನನಗೆ ಬರುತ್ತಿರಲಿಲ್ಲ.

"ಸೀಳು," ಎಂದಳು. "ಒಂದನ್ನ ಒಳಗೆ ಮಡಚು. ಹಂಗಲ್ಲ. ಇನ್ನೊಂದ್ಸಲ ಮಾಡು."

ಇನ್ನೊಂದು ಸಲ ಮಾಡಿದೆ.