ವಿಮಲಾ ಅವರಿಗೆ ನಾನು ಕೊಟ್ಟ ಮೂರು ಅಂಕ

ಹೆಪ್ಪು ಹಾಕಿಟ್ಟ ಹಾಲಿನ ಪಾತ್ರೆಯ ಮುಚ್ಚಳವನ್ನು ನಡುನಡುವೆ ತೆಗೆದು ನೋಡುವುದು ನನ್ನ ಬಹಳ ಹಳೆಯ ಚಾಳಿ. ನೋಡುವುದಷ್ಟೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಚಮಚದ ತುದಿಯನ್ನು ಒಂದಿಷ್ಟು ಅದ್ದಿ, ಗಟ್ಟಿಯಾಯಿತೋ ಇಲ್ಲವೋ ಎಂದು ಅಲ್ಲಾಡಿಸಿ ಪರೀಕ್ಷಿಸದ ಹೊರತು ನನಗೆ ಸಮಾಧಾನವಿಲ್ಲ. ಸಿಂಗಪುರದ ಪುಂಗೋಲ್‌ನ ನಮ್ಮ ಹದಿನಾಲ್ಕನೆಯ ಮಹಡಿಯ ಅಡುಗೆಮನೆಯಲ್ಲಿ ಚೈತ್ರವೂ ಒಂದೇ, ಪುಷ್ಯವೂ ಒಂದೇ. ವರ್ಷವಿಡೀ ಅದೇ ಸೆಕೆ. ಅಂಥ ಸೆಕೆಯಲ್ಲಿ ಹಾಲನ್ನು ಅದರ ಪಾಡಿಗೆ ಬಿಟ್ಟರೆ ಐದಾರು ಗಂಟೆಯಲ್ಲಿ ಕತ್ತರಿಸುವಂಥ ಮೊಸರು ಸಿದ್ಧ. ಆದರೆ ಬಿಡಬೇಕಲ್ಲ! ನಾಲ್ಕು ಸಲ ನನ್ನ ಚಮಚದ ವಿಚಾರಣೆಗೆ ಒಳಗಾದ ಮೊಸರು ನೀರುನೀರಾಗಿ, ಒಡೆದ ಮನಸ್ಸಿನವರಂತೆ ಕೂತಿರುತ್ತದೆ. "ರೀ, ನಿಮ್ಮ ಟೆಸ್ಟಿಂಗ್ ಎಲ್ಲಾ ಆಫೀಸಲ್ಲೇ ಇಟ್ಕೊಳ್ಳಿ" ಎಂದು ನನ್ನ ಹೆಂಡತಿ ಸುಮಾ ಅದೆಷ್ಟು ಸಲ ಹೇಳಿದ್ದಾಳೋ.

ಅವಳ ಮಾತಿಗೆ ಅರ್ಥವಿದೆ. ಒನ್-ನಾರ್ತ್ ಎಂಬ ಬಡಾವಣೆಯ ಕಚೇರಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರ್‌ನ ತಪ್ಪುಗಳನ್ನು ಹುಡುಕುವುದು ನನ್ನ ಹೊಟ್ಟೆಪಾಡು. ಮೊಸರಲ್ಲಿ ಕಲ್ಲು ಹುಡುಕುವವನು ಎಂದು ಲೋಕವೆಲ್ಲ ಬೈಯಲು ಬಳಸುವ ಮಾತನ್ನು ನಾನು ಕೆಲಸದ ಅರ್ಜಿಯಲ್ಲಿ ಧಾರಾಳವಾಗಿ ಬರೆದುಕೊಳ್ಳಬಹುದು. ಈ ನನ್ನ ಖ್ಯಾತಿಯೇ ನಮ್ಮ ಕನ್ನಡ ಬಳಗದವರ ಕಣ್ಣಿಗೆ ಬಿದ್ದು, ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್ ಆದ ವಿಮಲಾ ಅವರು ಗೆದ್ದರೋ ಸೋತರೋ ಎಂದು ತೀರ್ಪು ಹೇಳುವ ಭಾರ ನನ್ನ ಹೆಗಲೇರಿತು. ಸ್ನೇಹಿತರೇ, ನನ್ನ ಬಾಳಿನಲ್ಲಿ ನಾನು ಇಷ್ಟು ಶ್ರದ್ಧೆಯಿಂದ ತಪ್ಪು ಮಾಡಿದ ಸಂದರ್ಭ ಇನ್ನೊಂದಿಲ್ಲ; ಅದಕ್ಕೇ ಇಷ್ಟು ಸಂತೋಷದಿಂದ ನಿಮಗೆ ಹೇಳುತ್ತಿದ್ದೇನೆ.

ತಂಡದ ಹಿಂದಿನ ಕಥೆಯನ್ನು ಮೊದಲು ಹೇಳಬೇಕು. ಇಲ್ಲಿನ ಭಾರತೀಯ ಬಳಗಗಳೆಲ್ಲ ಸೇರಿ ಹದಿನಾರರ ಒಳಗಿನ ಹುಡುಗಿಯರಿಗಾಗಿ ವರ್ಷಕ್ಕೊಮ್ಮೆ ಪಂದ್ಯಾವಳಿ ನಡೆಸುತ್ತವೆ. ಅದರಲ್ಲಿ ಕೊನೆಯ ಸ್ಥಾನ ನಮಗೆ ಪಿತ್ರಾರ್ಜಿತ ಆಸ್ತಿಯಂತೆ ತಪ್ಪದೆ ಬರುತ್ತಿತ್ತು. ಬರದೇ ಏನು? ನಾವು ಆಡುತ್ತಿದ್ದುದು ಬ್ಯಾಸ್ಕೆಟ್‌ಬಾಲ್ ಅಲ್ಲ, ಪಂಕ್ತಿ ಭೋಜನ. ಹಬ್ಬದೂಟದಲ್ಲಿ ಎಲೆಯಿಂದ ಎಲೆಗೆ ಹೋಳಿಗೆ ಬಡಿಸುವಂತೆ ನಾವು ಮಗುವಿನಿಂದ ಮಗುವಿಗೆ ನಿಮಿಷ ಬಡಿಸುತ್ತಿದ್ದೆವು. ಸದಸ್ಯರ ಪಟ್ಟಿಯ ಕ್ರಮದಲ್ಲಿ ತಲಾ ಆರು ನಿಮಿಷ. ಒಬ್ಬಳಿಗೆ ಹೆಚ್ಚಿಲ್ಲ, ಒಬ್ಬಳಿಗೆ ಕಡಿಮೆಯಿಲ್ಲ. ಆಟ ಎಷ್ಟೇ ಕಾವೇರಿರಲಿ, ಚೆಂಡು ಯಾರ ಕೈಯಲ್ಲೇ ಇರಲಿ, ಆರನೆಯ ನಿಮಿಷಕ್ಕೆ ಯಾರದೋ ಅಪ್ಪ ಮೊಬೈಲಿನ ಗಡಿಯಾರ ಹಿಡಿದು ಎದ್ದು ನಿಲ್ಲುತ್ತಿದ್ದ. ಆ ಅಪ್ಪಂದಿರಲ್ಲಿ ಅತಿ ಚುರುಕಿನವನು ನಾನೇ. ನನ್ನ ಮಗಳು ಇಂಚರಾಳ ಆರು ನಿಮಿಷದಲ್ಲಿ ಐದು ಸೆಕೆಂಡು ಕಡಿತವಾದರೂ ನನ್ನ ನ್ಯಾಯಪ್ರಜ್ಞೆ ಕೆರಳುತ್ತಿತ್ತು.

ಇಂಥ ತಂಡಕ್ಕೆ ಮ್ಯಾನೇಜರ್ ಆಗಲು ಯಾರೂ ಮುಂದೆ ಬಾರದಿದ್ದಾಗ ವಿಮಲಾ ಅವರು ಕೈ ಎತ್ತಿದರು. ಮಂಡ್ಯದವರು; ಹುಡುಗಿಯಾಗಿದ್ದಾಗ ಸಿಮೆಂಟಿನ ಅಂಕಣದಲ್ಲಿ ಮೊಣಕಾಲು ತರಚಿಕೊಂಡು ಯೂನಿವರ್ಸಿಟಿಯವರೆಗೆ ಆಡಿದವರು; ಇಲ್ಲಿ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಆಟ ಕಲಿಸುವುದು ಕೋಚ್‌ನ ಕೆಲಸ, ತಂಡ ಕಟ್ಟುವುದು ಮ್ಯಾನೇಜರ್‌ನ ಕೆಲಸ ಎಂಬುದು ಅವರ ಮೊದಲ ಪಾಠ. ಯಾರು ಇರಬೇಕು, ಯಾರು ಹೋಗಬೇಕು, ಎಲ್ಲಿ ಅಭ್ಯಾಸ, ಯಾರು ಕಲಿಸಬೇಕು ಎಂಬುದನ್ನೆಲ್ಲ ತಾವೇ ನಿರ್ಧರಿಸುವುದಾದರೆ ಮಾತ್ರ ಬರುತ್ತೇನೆ ಎಂದರು. ಗತಿಯಿಲ್ಲದೆ ಒಪ್ಪಿದೆವು.

ಮೊದಲ ತಿಂಗಳಲ್ಲೇ ಅವರು ಮಾಡಿದ ಕೆಲಸಕ್ಕೆ ನಮ್ಮೆಲ್ಲರ ಎದೆ ಧಸಕ್ಕೆಂದಿತು. ನಮ್ಮ ತಂಡದಲ್ಲಿ ಬುಟ್ಟಿಗೆ ಚೆಂಡು ಹಾಕಬಲ್ಲವಳು ಒಬ್ಬಳೇ ಇದ್ದಳು, ಉದ್ದನೆಯ ಹುಡುಗಿ ನಿತ್ಯಾ. ಅವಳನ್ನೇ ಕಲ್ಲಾಂಗ್‌ ಕಡೆಯ ದೊಡ್ಡದೊಂದು ಕ್ಲಬ್ಬಿಗೆ ಕಳಿಸಿಬಿಟ್ಟರು! ಅವಳ ಆಟಕ್ಕೆ ಅಲ್ಲಿ ಬೆಳೆಯಲು ಜಾಗವಿದೆ ಎಂದರು. ಬದಲಿಗೆ ಆ ಕ್ಲಬ್ಬಿನಿಂದ ಅವರು ತಂದದ್ದು ಎರಡು: ಶನಿವಾರ ಬೆಳಿಗ್ಗೆ ಎರಡು ಗಂಟೆ ಅವರ ಒಳಾಂಗಣದಲ್ಲಿ ಆಡುವ ಅವಕಾಶ, ಮತ್ತು ಅಲ್ಲಿ ಮೂಲೆಗೆ ಸರಿದಿದ್ದ ವಯಸ್ಸಾದ ಕೋಚ್ ಲಿಮ್ ಅಂಕಲ್. ನಮ್ಮ ವಸತಿ ಬ್ಲಾಕಿನ ಕೆಳಗಿನ ಬಯಲು ಅಂಕಣದಲ್ಲಿ ಮಳೆ ಬಂದರೆ ಅಭ್ಯಾಸ ರದ್ದು, ಮಳೆ ಬಾರದಿದ್ದರೆ ಬಿಸಿಲಿಗೆ ರದ್ದು ಎಂಬಂತಿದ್ದ ನಮಗೆ ಸೂರು ಸಿಕ್ಕಿತು ನಿಜ. ಆದರೆ ಆನೆ ಕೊಟ್ಟು ಆಡು ತಂದರು ಎಂದು ವಾಟ್ಸಾಪ್ ಗುಂಪಿನಲ್ಲಿ ಮೊದಲು ಬರೆದವನು, ಹೇಳಲು ನಾಚಿಕೆ, ನಾನೇ.

ಆಮೇಲೆ ಆರು ನಿಮಿಷದ ಪಂಕ್ತಿಯನ್ನು ಎತ್ತಿಹಾಕಿದರು. ಆಟಕ್ಕೆ ಬೇಕಾದವರು ಬೇಕಾದಷ್ಟು ಹೊತ್ತು ಆಡುತ್ತಾರೆ, ಉಳಿದವರು ಬೆಂಚಿನಲ್ಲಿ. ಆ ಉಳಿದವರಲ್ಲಿ ನನ್ನ ಇಂಚರಾ ಮೊದಲನೆಯವಳು. ಮೂರನೆಯ ಹೊಸ ನಿಯಮ ಇನ್ನೂ ವಿಚಿತ್ರ: ಅಭ್ಯಾಸಕ್ಕೆ ಯಾರೂ ಮನೆಯಿಂದ ತಮ್ಮ ಮಗಳಿಗೆ ಡಬ್ಬಿ ತರಕೂಡದು, ವಾರಕ್ಕೊಂದು ಮನೆಯವರು ಎಲ್ಲರಿಗೂ ಸೇರಿಸಿ ಮೊಸರನ್ನ ತರಬೇಕು. ಅಲ್ಲಿಯವರೆಗೆ ಆಟ ಮುಗಿದೊಡನೆ ಒಬ್ಬೊಬ್ಬಳೂ ತನ್ನ ಅಮ್ಮನ ಪಕ್ಕ ಕೂತು, ಉಳಿದವರಿಗೆ ಬೆನ್ನು ತಿರುಗಿಸಿ, ತನ್ನ ಪಾಸ್ತಾ ತಾನು ತಿನ್ನುತ್ತಿದ್ದಳು. ತಂಡ ಕಟ್ಟುವುದಕ್ಕೂ ಮೊಸರನ್ನಕ್ಕೂ ಎಲ್ಲಿಯ ನಂಟು ಎಂದು ನಾವು ನಕ್ಕೆವು.

ಆ ವರ್ಷ ನಾವು ಎಲ್ಲ ಪಂದ್ಯಗಳನ್ನೂ ಸೋತೆವು. ಮೊದಲಾದರೂ ಮರ್ಯಾದೆಯಾಗಿ ಸೋಲುತ್ತಿದ್ದೆವು; ಈಗ ನಿತ್ಯಾ ಇಲ್ಲದೆ ಹಿಗ್ಗಾಮುಗ್ಗಾ ಸೋತೆವು. ಕೊನೆಯ ಪಂದ್ಯದ ದಿನ ಇಂಚರಾ ರೈಲಿನಲ್ಲಿ ಕಿಟಕಿಯತ್ತ ಮುಖ ಮಾಡಿ ಕೂತು, ಪುಂಗೋಲ್ ಬರುವವರೆಗೂ ಸದ್ದಿಲ್ಲದೆ ಅತ್ತಳು. ಅದರ ಮರುವಾರವೇ ನಾನು ಬಳಗದ ವಾರ್ಷಿಕ ಸಭೆಯಲ್ಲಿ ವರದಿ ಓದಿದೆ. ಗೆಲುವು, ಅಂಕಗಳ ಅಂತರ, ಪೋಷಕರ ತೃಪ್ತಿ ಎಂದೆಲ್ಲ ಕಂಬಸಾಲು ಹಾಕಿ, ಅಚ್ಚುಕಟ್ಟಾಗಿ ಕೂಡಿ ಕಳೆದು, ವಿಮಲಾ ಅವರಿಗೆ ಹತ್ತಕ್ಕೆ ಮೂರು ಅಂಕ ಕೊಟ್ಟೆ. ಆ ಮೂರರಲ್ಲಿ ಪರೀಕ್ಷಕನ ನ್ಯಾಯವೆಷ್ಟು, ಅಪ್ಪನ ಸಿಟ್ಟೆಷ್ಟು ಎಂದು ಆಗ ಯಾರಾದರೂ ಕೇಳಿದ್ದರೆ, ನಾನು ಎದೆ ತಟ್ಟಿಕೊಂಡು ಎಲ್ಲವೂ ನ್ಯಾಯವೇ ಎನ್ನುತ್ತಿದ್ದೆ. ವಿಮಲಾ ಅವರು ಎದ್ದು ನಿಂತು, "ಇನ್ನೊಂದ್ ವರ್ಷ ಟೈಮ್ ಕೊಡಿ. ಅಷ್ಟೇ ಕೇಳೋದು" ಎಂದು ಕೂತರು. ಸಭೆ ಕೊಟ್ಟಿತು, ಆದರೆ ಷರತ್ತಿನ ಮೇಲೆ. ಮುಂದಿನ ವರ್ಷದ ನನ್ನ ವರದಿಯೂ ಹೀಗೇ ಇದ್ದರೆ ಮ್ಯಾನೇಜರ್ ಹೋಗುವುದಷ್ಟೇ ಅಲ್ಲ, ತಂಡವನ್ನೇ ಮುಚ್ಚಿ ಶನಿವಾರವನ್ನು ನೃತ್ಯದ ತರಗತಿಗೆ ಬಿಟ್ಟುಕೊಡುವುದು ಎಂದು ತೀರ್ಮಾನವಾಯಿತು.

ಇನ್ನೊಬ್ಬರು ಕಟ್ಟುತ್ತಿರುವುದನ್ನು ಹೊರಗೆ ನಿಂತು ಅಳೆಯುವವನಿಗೆ ಒಂದು ಅನುಕೂಲವಿದೆ. ಅವನ ಅಂಗಿಗೆ ಗಾರೆ ಮೆತ್ತುವುದಿಲ್ಲ. ಮನೆ ಕಟ್ಟುವಾಗ ಮೊದಲು ಕಾಣುವುದು ಗೋಡೆಯಲ್ಲ, ಗುಂಡಿ. ಅಳೆಯುವವನು ಆ ದಿನ ಬಂದು ಇಣುಕಿದರೆ, ಇದ್ದ ನೆಲವನ್ನೂ ಅಗೆದು ಹಾಳು ಮಾಡಿದ್ದಾರೆ ಎಂದೇ ಬರೆದುಕೊಂಡು ಹೋಗುತ್ತಾನೆ. ಅವನು ಬರೆದದ್ದು ಸುಳ್ಳೂ ಅಲ್ಲ. ನನ್ನ ಮೊದಲ ವರದಿಯ ಒಂದೊಂದು ಅಂಕಿಯೂ ಸರಿಯಾಗಿತ್ತು. ವರದಿ ಮಾತ್ರ ಪೂರ್ತಿ ತಪ್ಪಾಗಿತ್ತು.

ಎರಡನೆಯ ವರ್ಷದಲ್ಲಿ ನಮ್ಮ ಮನೆಯಲ್ಲಿ ಸಣ್ಣ ಬದಲಾವಣೆಗಳು ಕಂಡವು. ನಾನು ಕನ್ನಡದಲ್ಲಿ ಕೇಳಿದರೆ, ಮಾತಿನ ಕೊನೆಗೆ ಇಲ್ಲಿಯವರಂತೆ 'ಲಾ' ಸೇರಿಸಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ ಮಗಳು, ಬಲಕ್ಕೆ, ಎಡಕ್ಕೆ, ಹಿಂದೆ, ಬೇಗ, ತಡಿ ಎಂಬ ಮಾತುಗಳನ್ನು ಸ್ನಾನದ ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳತೊಡಗಿದಳು. ಎದುರಾಳಿಗಳಿಗೆ ತಿಳಿಯದಿರಲಿ ಎಂದು ಅಂಕಣದಲ್ಲಿ ಕನ್ನಡವನ್ನೇ ಗುಟ್ಟಿನ ಭಾಷೆ ಮಾಡಿಕೊಂಡಿದ್ದರಂತೆ. ಹದಿನಾಲ್ಕು ವರ್ಷ ನಾನು ಮಾಡಲಾಗದ್ದನ್ನು ಒಂದು ಚೆಂಡು ಮಾಡಿತು. ಲಿಮ್ ಅಂಕಲ್ ಕೂಡ "ಬೇಗಾ, ಬೇಗಾ" ಎಂದು ಕೂಗಲು ಕಲಿತಿದ್ದರು. ಇಂಚರಾಳ ಚೀಲದಲ್ಲಿ ನೀಲಿ ರಟ್ಟಿನ ಒಂದು ನೋಟ್‌ಬುಕ್ ಕಾಣಿಸಿಕೊಂಡಿತು. ಏನದು ಎಂದರೆ, "ಟೀಮ್ ಮ್ಯಾಟರ್ ಅಪ್ಪಾ" ಎಂದು ಎದೆಗೆ ಅವಚಿಕೊಂಡಳು. ಅಷ್ಟರಲ್ಲಿ ತಂಡ ಒಂದು ಪಂದ್ಯ ಗೆದ್ದಿತು, ಇನ್ನೊಂದು ಗೆದ್ದಿತು. ಕೊನೆಗೆ ಯಾರೂ ನಂಬಲಾಗದಂತೆ ಫೈನಲ್‌ಗೆ ಬಂತು. ಎದುರಿಗಿದ್ದುದು ಹಿಂದಿನ ವರ್ಷ ನಮ್ಮನ್ನು ಅರೆದು ಹಾಕಿದ್ದ ತಂಡವೇ.

ಕಲ್ಲಾಂಗ್‌ನಲ್ಲಿ ಆಗತಾನೆ ತೆರೆದಿದ್ದ ದೊಡ್ಡ ಗುಮ್ಮಟದ ಕ್ರೀಡಾಂಗಣವನ್ನು ದಾಟಿ, ಅದರ ನೆರಳಿಗೂ ನಿಲುಕದ ಒಂದು ಪುಟ್ಟ ಒಳಾಂಗಣದಲ್ಲಿ ಆಟ. ನಾನು ಜೇಬಿನಲ್ಲಿ ಅರ್ಧ ತುಂಬಿದ ವರದಿಯ ಹಾಳೆ ಇಟ್ಟುಕೊಂಡೇ ಹೋಗಿದ್ದೆ. ಗೆದ್ದರೆ ಎಂಟು, ಸೋತರೆ ಐದು ಎಂದು ಮನಸ್ಸಿನಲ್ಲೇ ದರಪಟ್ಟಿ ಸಿದ್ಧವಾಗಿತ್ತು. ಇಂಚರಾ ಎಂದಿನಂತೆ ಬೆಂಚಿನಲ್ಲಿದ್ದಳು, ಮಡಿಲಲ್ಲಿ ಆ ನೀಲಿ ಪುಸ್ತಕ. ಕಾಲುಭಾಗ ಆಟವಷ್ಟೇ ಉಳಿದಿದ್ದಾಗ ನಾವು ಏಳು ಅಂಕ ಹಿಂದಿದ್ದೆವು. ಕೊನೆಯ ವಿರಾಮ. ಬೆವರಲ್ಲಿ ತೊಯ್ದ ಐವರು ಹುಡುಗಿಯರು ಏದುಸಿರು ಬಿಡುತ್ತ ಬೆಂಚಿನತ್ತ ಓಡಿ ಬಂದರು. ಬಂದವರು ಲಿಮ್ ಅಂಕಲ್ ಸುತ್ತ ನಿಲ್ಲಲಿಲ್ಲ, ವಿಮಲಾ ಅವರ ಸುತ್ತಲೂ ನಿಲ್ಲಲಿಲ್ಲ. ನನ್ನ ಮಗಳನ್ನು ಸುತ್ತುವರಿದು ಬಗ್ಗಿದರು.

ಅವಳು ಪುಸ್ತಕದ ಒಂದು ಪುಟದ ಮೇಲೆ ಬೆರಳಿಟ್ಟು ಹೇಳುತ್ತಿದ್ದುದು ನಾನು ಕೂತಲ್ಲಿಗೂ ಕೇಳಿಸಿತು. "ಅವರ ನಂಬರ್ ಒಂಬತ್ತು ಟಯರ್ಡ್ ಆದ್ರೆ ಬರೀ ರೈಟ್‌ಗೇ ಹೋಗ್ತಾಳೆ. ಎವ್ರಿ ಟೈಮ್ ಲಾ! ನಾನು ಬಲಕ್ಕೆ ಅಂತ ಕೂಗ್ದಾಗ ಇಬ್ಬರೂ ಬ್ಲಾಕ್ ಮಾಡಿ." ಐದು ತಲೆಗಳು ಒಟ್ಟಿಗೆ ಆಡಿದವು. ಅವಳಿಗಿಂತ ವೇಗವಾಗಿ ಓಡುವವರು, ಎತ್ತರಕ್ಕೆ ನೆಗೆಯುವವರು, ಅವಳ ಆರು ನಿಮಿಷವನ್ನು ತಿಂದವರೆಂದು ನಾನು ಒಳಗೊಳಗೇ ಶಪಿಸಿದ್ದ ಮಕ್ಕಳು ಅವಳ ಬಾಯಿಂದ ಬಿದ್ದ ಒಂದೊಂದು ಮಾತನ್ನೂ ಹೆಕ್ಕಿಕೊಳ್ಳುತ್ತಿದ್ದರು.

ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡ ನಾನು, ಅದೇ ಕಣ್ಣು ನನ್ನ ಮಗಳಿಗೂ ಇದೆಯೆಂದು ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ಕಂಡಿರಲಿಲ್ಲ. ವಿಮಲಾ ಅವರು ಕಂಡಿದ್ದರು. ಆ ಪುಸ್ತಕ ಕೊಟ್ಟವರು ಅವರೇ. ನಾವು ಅಂಕಣದಲ್ಲಿ ಹಾಕಿದ್ದ ಪಂಕ್ತಿಯನ್ನು ಅವರು ಕೆಡವಿರಲಿಲ್ಲ. ಎತ್ತಿಕೊಂಡು ಹೋಗಿ ಅದು ಇರಬೇಕಾದ ಜಾಗದಲ್ಲಿ, ಮೊಸರನ್ನದ ಮುಂದೆ, ಹಾಕಿದ್ದರು. ಅಲ್ಲಿ ಎಲ್ಲರೂ ಸಮ. ಆಟದಲ್ಲಿ ಮಾತ್ರ ಅವರವರ ಪಾಲು ಅವರವರದು, ಮತ್ತು ಒಬ್ಬಳನ್ನೂ ಬರಿಗೈಯಲ್ಲಿ ಕೂರಿಸಿರಲಿಲ್ಲ.

ಆಗ ನಾನು ಮಾಡಿದ ಕೆಲಸದ ಬಗ್ಗೆ ನನಗೆ ಇಂದಿಗೂ ಹೆಮ್ಮೆ ಇದೆ. ಜೇಬಿನಿಂದ ಹಾಳೆ ತೆಗೆದು, ನಾವಿನ್ನೂ ಏಳು ಅಂಕ ಹಿಂದಿರುವಾಗಲೇ, ಸೀಟಿ ಊದುವ ಮೊದಲೇ, ಮೊಣಕಾಲ ಮೇಲಿಟ್ಟು ಹತ್ತು ಎಂದು ಬರೆದೆ. ಕೆಳಗೆ ಸಹಿ ಹಾಕಿದೆ. ಗೆದ್ದ ಮೇಲೆ ಜೈ ಅನ್ನಲು ಪರೀಕ್ಷಕ ಏಕೆ ಬೇಕು?

ಮುಂದಿನದನ್ನು ನನ್ನಿಂದ ನೆಟ್ಟಗೆ ವರ್ಣಿಸಲಾಗದು, ಏಕೆಂದರೆ ಬಹುಪಾಲು ನಾನು ಕುರ್ಚಿಯ ಮೇಲೆ ನಿಂತು ಅರಚುತ್ತಿದ್ದೆ. ಇಂಚರಾ "ಬಲಕ್ಕೆ!" ಎಂದು ಕೂಗಿದಳು, ಒಂಬತ್ತನೆಯ ನಂಬರಿನವಳು ಬಲಕ್ಕೇ ಬಂದಳು, ಎರಡು ಗೋಡೆಗಳು ಎದ್ದು ನಿಂತವು, ಚೆಂಡು ನಮ್ಮದಾಯಿತು. ಮತ್ತೆ ಕೂಗಿದಳು, ಮತ್ತೆ ನಮ್ಮದಾಯಿತು. ಏಳು ಐದಾಯಿತು, ಐದು ಎರಡಾಯಿತು, ಎರಡು ಸೊನ್ನೆಯಾಯಿತು. ದೊಡ್ಡ ಕ್ಲಬ್ಬಿನ ಅಂಗಿ ತೊಟ್ಟು ನೋಡಲು ಬಂದಿದ್ದ ನಿತ್ಯಾ ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಕಿರುಚುತ್ತಿದ್ದಳು. ಕೊನೆಯ ಚೆಂಡು ಬುಟ್ಟಿಯ ಅಂಚಿನಲ್ಲಿ ಒಂದು ಸುತ್ತು ಸುತ್ತಿ ಒಳಗೆ ಬಿದ್ದಾಗ ಗಡಿಯಾರದಲ್ಲಿ ಏನೂ ಉಳಿದಿರಲಿಲ್ಲ. ಗೆದ್ದೆವು! ನಾನು ಪಕ್ಕದಲ್ಲಿದ್ದ ಅಪರಿಚಿತ ಚೀನೀ ಅಜ್ಜನನ್ನು ತಬ್ಬಿಕೊಂಡೆ. ಆತ ಆಟ ನೋಡಲು ಬಂದವನಲ್ಲ, ಒಳಾಂಗಣದ ದೀಪ ಆರಿಸಲು ಬಂದವನು ಎಂದು ಆಮೇಲೆ ತಿಳಿಯಿತು; ಆತನೂ ಕೈಬಿಡಲಿಲ್ಲ. ಒಂದು ನಿಮಿಷವೂ ಅಂಕಣಕ್ಕಿಳಿಯದ ನನ್ನ ಮಗಳನ್ನು ಆ ಐವರೂ ಹೆಗಲ ಮೇಲೆ ಎತ್ತಿಕೊಂಡು ಅಂಕಣದ ನಡುವೆ ತಂದರು.

ಸಭೆಯಲ್ಲಿ ನಾನು ಓದಿದ ವರದಿ ಎರಡೇ ಸಾಲಿನದು. ಈ ವರ್ಷ ವಿಮಲಾ ಅವರಿಗೆ ಹತ್ತಕ್ಕೆ ಹತ್ತು. ಹೋದ ವರ್ಷ ಅವರ ಹೆಸರಿನ ಮುಂದೆ ಬರೆದಿದ್ದ ಮೂರು ಅಂಕ ನಿಜವಾಗಿ ಸಲ್ಲಬೇಕಾದದ್ದು ಪರೀಕ್ಷಕನಿಗೆ. ಚಪ್ಪಾಳೆ ಬಿತ್ತು. ವಿಮಲಾ ಅವರು ನಕ್ಕರೋ ಇಲ್ಲವೋ, ದೂರದಿಂದ ಖಚಿತವಾಗಲಿಲ್ಲ. ಹೊರಡುವಾಗ ಹತ್ತಿರ ಬಂದು ಹೇಳಿದರು, "ಮಾರ್ಕ್ಸ್ ಇರ್ಲಿ ಸರ್. ಮುಂದಿನ ಶನಿವಾರ ಮೊಸರನ್ನ ನಿಮ್ಮನೆದು. ಹೋದ್ಸಲ ನೀರಾಗಿತ್ತು."

ಹಾಗಾಗಿ ಈ ಶುಕ್ರವಾರ ಸಂಜೆ ನಮ್ಮ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಏರಿತು. ಹೆಪ್ಪು ಹಾಕಿದವಳು ಇಂಚರಾ. ನನ್ನ ಕೈ ಅಭ್ಯಾಸಬಲದಿಂದ ಮುಚ್ಚಳದತ್ತ ಹೋಯಿತು. ಸೋಫಾದಿಂದ ತಲೆ ಎತ್ತದೆಯೇ, "ಅಪ್ಪಾ, ಓಪನ್ ಮಾಡ್ಬೇಡ ಲಾ" ಎಂದಳು. ಒಂಬತ್ತನೆಯ ನಂಬರಿನವಳಂತೆ ನಾನೂ ಬಲಕ್ಕೇ ಬರುತ್ತೇನೆಂದು ಅವಳ ಪುಸ್ತಕದಲ್ಲಿ ಬರೆದಿತ್ತೋ ಏನೋ. ಕೈ ಹಿಂದೆಗೆದೆ. ಬೆಳಿಗ್ಗೆ ಮುಚ್ಚಳ ತೆಗೆದು ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿದರೆ, ಮೊಸರು ಅಲುಗಲಿಲ್ಲ. ಹಿಡಿದಿದ್ದ ಚಮಚವನ್ನು ಸಿಂಕಿಗೆ ಹಾಕಿದೆ. ಇಪ್ಪತ್ತು ಮಕ್ಕಳ ಅನ್ನ ಕಲಸಬೇಕಿತ್ತು, ಅಂಗಿಯ ತೋಳು ಮಡಚಿ ಎರಡೂ ಕೈ ತೊಳೆದುಕೊಂಡೆ.