ಅಕ್ಕನ ಅಂಗಳದ ಉಬ್ಬು

ಕ್ಲಿನಿಕ್ಕಿನವರು ನನಗಿಟ್ಟ ಅಡ್ಡಹೆಸರು ಉಜ್ಜಪ್ಪ. ಇಪ್ಪತ್ತೆಂಟು ವರ್ಷದಿಂದ ಅಲ್ಲಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲುಸೆಟ್ಟು ಮಾಡುತ್ತಿದ್ದೇನೆ. ಡಾಕ್ಟರಮ್ಮ ಮೆತ್ತನೆಯ ಪೇಸ್ಟು ಒತ್ತಿ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾನು ಅದರೊಳಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಸೆಟ್ಟು ಕಟ್ಟುತ್ತೇನೆ. ಅಳತೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಅಚ್ಚಿನ ಮೇಲೆ ಉಬ್ಬು ಏಳುತ್ತದೆ. ಅದನ್ನು ಚಾಕುವಿನಿಂದ ಕೆರೆದು, ಉಜ್ಜಿ, ನುಣ್ಣಗೆ ಮಾಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ. ಬಾಯಿಯ ಮೇಲ್ಭಾಗಕ್ಕೂ ಅಂಗಳ ಅನ್ನುತ್ತಾರಲ್ಲ, ಅಂಗಳ ಎಂದಮೇಲೆ ಮಟ್ಟಸವಾಗಿರಬೇಕು ಎಂಬುದು ನನ್ನ ಘನ ಸಿದ್ಧಾಂತ. ಕೇಳದವರಿಗೂ ಹೇಳುತ್ತಿದ್ದೆ.

ಅಕ್ಕನಿಗೆ ಮೇಲಿನ ಸೆಟ್ಟು ಮಾಡಿಕೊಟ್ಟವನೂ ನಾನೇ. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು ಅವಳು, ಮುತುವರ್ಜಿಯಿಂದಲೇ ಮಾಡಿದ್ದೆ. ಹಾಕಿಕೊಂಡ ವಾರಕ್ಕೇ "ಅಲ್ಲಾಡುತ್ತೆ ಕಣೋ, ಒತ್ತುತ್ತೆ" ಎಂದಳು.

"ಅಭ್ಯಾಸ ಆಗುತ್ತೆ ಬಿಡಕ್ಕ. ಹೊಸ ಚಪ್ಪಲಿ ಕಚ್ಚಲ್ವಾ?" ಎಂದು ದೊಡ್ಡ ಮನುಷ್ಯನ ಹಾಗೆ ಬುದ್ಧಿ ಹೇಳಿದೆ. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ. ಸೆಟ್ಟು ಸರಿಯಾಗಿ ಕೂತಿತು ಎಂದು ನಾನು ಬೀಗಿದೆ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಭಾವ ಫೋನ್ ಮಾಡಿದರು. "ನಿಮ್ಮಕ್ಕ ನೆಟ್ಟಗೆ ಊಟ ಮಾಡಿ ತಿಂಗಳಾಯ್ತು ಮಾರಾಯ. ಬಾಯೊಳಗೆ ಕಲ್ಲಿನ ಹಾಗೆ ಗಂಟಿದೆಯಂತೆ, ಅದರ ಮೇಲೆ ಹುಣ್ಣು. ಕ್ಯಾನ್ಸರ್ ಅಂತ ತಾನೇ ತೀರ್ಮಾನ ಮಾಡ್ಕೊಂಡು ಕೂತಿದಾಳೆ. ಇವತ್ತು ನನ್ನ ಹತ್ರ ಬಾಯಿಬಿಟ್ಟಳು."

ನನ್ನ ಜೀವ ಬಾಯಿಗೆ ಬಂತು. ಓಡಿಹೋಗಿ ಅಕ್ಕನನ್ನು ಕ್ಲಿನಿಕ್ಕಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಡಾಕ್ಟರಮ್ಮ ಬೆರಳಾಡಿಸಿ, ಎಕ್ಸ್‌ರೇ ತೆಗೆದು ನೋಡಿದರು.

"ಕ್ಯಾನ್ಸರೂ ಅಲ್ಲ, ಏನೂ ಅಲ್ಲಮ್ಮ. ಅಂಗಳದ ಮೂಳೆನೇ ಉಬ್ಬಿ ಬೆಳೆದಿದೆ. ಎಷ್ಟೋ ಜನಕ್ಕೆ ಇರುತ್ತೆ, ಅದರ ಪಾಡಿಗೆ ಅದು ಇರುತ್ತೆ. ಸೆಟ್ಟು ಒತ್ತಿ ಹುಣ್ಣಾಗಿದೆ ಅಷ್ಟೆ." ಆಮೇಲೆ ನನ್ನ ಕಡೆ ತಿರುಗಿದರು. "ಉಬ್ಬಿದೆ, ಜಾಗ ಬಿಡಿ ಅಂತ ಅಳತೆ ಜೊತೆ ಚೀಟಿ ಬರೆದಿಟ್ಟಿದ್ನಲ್ರೀ? ಎಲ್ಲಿ, ಅಚ್ಚು ತನ್ನಿ."

ಕಪಾಟಿನಿಂದ ತಂದೆ. ಕನ್ನಡಿಯ ಹಾಗೆ ನುಣ್ಣಗಿತ್ತು.

"ಉಬ್ಬು ಎಲ್ಲಿ ಹೋಯ್ತು?"

ಎಲ್ಲಿಗೆ ಹೋಗುತ್ತದೆ? ಗಾಳಿಗುಳ್ಳೆಯ ಉಬ್ಬು ಎಂದುಕೊಂಡು ಉಜ್ಜಪ್ಪ ಉಜ್ಜಿದ್ದ. ಐವತ್ತು ವರ್ಷ ನನ್ನನ್ನು ಬೈದ ಬಾಯಿ, ನನಗೆ ಗೊತ್ತಿಲ್ಲವೇ ಎಂದು ಚೀಟಿ ಓದಿಯೇ ಇರಲಿಲ್ಲ.

"ಇದು ಮನೆತನದಲ್ಲಿ ಬರೋದೂ ಉಂಟು. ನೀವೂ ಬಾಯಿ ತೆಗೀರಿ" ಎಂದರು. ತೆಗೆದೆ. ನನಗೂ ಇತ್ತು, ಅಕ್ಕನದಕ್ಕಿಂತ ದಪ್ಪ! ಊರವರ ಬಾಯಿಗೆಲ್ಲ ಅಚ್ಚು ಹೊಯ್ದವನಿಗೆ ತನ್ನ ಬಾಯಲ್ಲೇನಿದೆ ಎಂದು ತಿಳಿದಿರಲಿಲ್ಲ. ತಡವಿ ನೋಡಬೇಕಾದ ನಾಲಿಗೆಗೆ ಜಂಬ ಕೊಚ್ಚುವುದರಲ್ಲಿ ಬಿಡುವೆಲ್ಲಿತ್ತು?

ಹೊರಗೆ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತು ತಲೆ ತಗ್ಗಿಸಿದೆ. "ಅಚ್ಚು ಕೆರೆದಿದ್ದು ನಾನೇ ಅಕ್ಕ. ನಿನ್ನನ್ನ ಒಂದು ತಿಂಗಳು ಉಪವಾಸ ಕೆಡವಿದ್ದೂ ನಾನೇ."

"ಒಳಗೇ ಕೇಳಿಸ್ತು" ಎಂದಳು.

"ನೀನು ನನಗ್ಯಾಕೆ ಹೇಳ್ಲಿಲ್ಲ? ಗಂಟಿದೆ ಅಂತಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

ಅಕ್ಕ ಸೆರಗಿನಿಂದ ಬಾಯೊರೆಸಿಕೊಂಡಳು. "ಸಾಯೋದು ಹೇಗೂ ಸಾಯ್ತೀನಿ, ನನ್ನ ತಮ್ಮನ ಕೆಲಸಕ್ಕೆ ಯಾಕೆ ಹೆಸರು ಕೆಡಿಸಿ ಹೋಗ್ಲಿ ಅಂದ್ಕೊಂಡೆ ಕಣೋ."

ಸರದಿಗೆ ಕಾಯುತ್ತಿದ್ದವರ ಎದುರಿಗೇ ನಾನು ಹೋ ಎಂದು ಅತ್ತುಬಿಟ್ಟೆ.