ನಕ್ಷೆಯಲ್ಲಿ ಬಿಟ್ಟುಹೋದ ಸೋದರತ್ತೆ

ಆಸ್ಪತ್ರೆಯ ಜೀನ್ ತಪಾಸಣೆ ವಿಭಾಗದಲ್ಲಿ ಬೇರೆಯವರ ವಂಶದ ನಕ್ಷೆ ಬರೆಯುವುದು ನನ್ನ ಕೆಲಸ. ಹೆಂಗಸಿಗೆ ವೃತ್ತ, ಗಂಡಸಿಗೆ ಚೌಕ. ಕ್ಯಾನ್ಸರ್ ಬಂದವರದ್ದಾದರೆ ಒಳಗೆ ಕಪ್ಪು ತುಂಬುವುದು. ಹತ್ತೊಂಬತ್ತು ವರ್ಷ ಇದನ್ನೇ ಮಾಡಿ ನನಗೆ ಸ್ವಲ್ಪ ಕೊಂಬು ಬಂದಿತ್ತು. ಯಾರಾದರೂ ತಾಯಿಯ ಕಡೆಯವರನ್ನಷ್ಟೇ ಹೇಳಿದರೆ, “ಯಾಕಮ್ಮ, ನಿಮ್ಮಪ್ಪ ಆಕಾಶದಿಂದ ಉದುರಿದ್ರಾ? ಅವರ ಕಡೆಯಿಂದಲೂ ಬರುತ್ತೆ” ಎಂದು ಗದರುತ್ತಿದ್ದೆ.

ಅರ್ಥವಾಗದವರಿಗೆ ಗ್ಯಾಸ್ ಒಲೆಯ ಉದಾಹರಣೆ ಕೊಡುತ್ತಿದ್ದೆ. ಕ್ಯಾನ್ಸರ್ ಬಾರದಂತೆ ಮೈ ಕಾಯುವ ಜೀನ್ ಒಲೆಯಿದ್ದ ಹಾಗೆ. ಕೆಲವರಲ್ಲಿ ಒಲೆ ಕೆಟ್ಟಿರುವುದಿಲ್ಲ. ಹೆತ್ತವರಿಂದ ಬಂದ ಒಂದು ಸಣ್ಣ ವ್ಯತ್ಯಾಸದಿಂದ ಅದರ ನಾಬ್ ಹುಟ್ಟಿನಿಂದಲೇ ಸಣ್ಣ ಉರಿಗೆ ತಿರುಗಿರುತ್ತದೆ. ಕಾಯಿಲೆ ಬಂದೇ ಬರುತ್ತದೆ ಎಂದಲ್ಲ, ಬರುವ ಸಂಭವ ಹೆಚ್ಚು. ಹಾಗಾಗಿ ವರ್ಷ ವರ್ಷ ನೋಡಿಸಿಕೊಳ್ಳಬೇಕು.

ಹೊಸ ಫಾರಂ ಬಂದಾಗ ಡಾಕ್ಟರಮ್ಮ ಅಭ್ಯಾಸಕ್ಕೆಂದು ಸಿಬ್ಬಂದಿಗೆಲ್ಲ ಅವರವರ ನಕ್ಷೆ ಬರೆಯಲು ಹೇಳಿದರು. ನಾನು ಎಲ್ಲರಿಗಿಂತ ಮೊದಲು ಮುಗಿಸಿ, ಒಂದೂ ಕಪ್ಪಿಲ್ಲದ ನನ್ನ ನಕ್ಷೆಯನ್ನು ಅವರ ಮೇಜಿನ ಮೇಲಿಟ್ಟು ಹೊಗಳಿಕೆಗೆ ಕಾದು ನಿಂತೆ. ಅಪ್ಪನ ಜೊತೆ ಹುಟ್ಟಿದವರು ಮೂವರೂ ಗಂಡಸರೇ ಎಂದು ಅವರು ಕೇಳಿದರು. ಹೌದು ಎನ್ನಲು ಬಾಯಿ ತೆರೆದಾಗಲೇ ನೆನಪಾಯಿತು.

ನಮ್ಮ ಮನೆಯಲ್ಲೇ ಸೋದರತ್ತೆ ಇದ್ದಳು. ಅವಳ ಕೈತುತ್ತು ತಿಂದೇ ಬೆಳೆದವಳು ನಾನು. ಅವಳಿಗೆ ಮದುವೆಯಾಗಿರಲಿಲ್ಲ. ಮನೆಯ ಜನರಲ್ಲಿ ಎಣಿಸದೆ ಅವಳನ್ನು ಅಡುಗೆಮನೆಯ ಸಾಮಾನಿನ ಜೊತೆ ಸೇರಿಸಿಬಿಟ್ಟಿದ್ದೆ. ನಲವತ್ತಕ್ಕೇ ತೀರಿಕೊಂಡಳು. ಸೊರಗಿ ಸತ್ತಳು ಎನ್ನುತ್ತಿದ್ದರು; ಸೊರಗುವುದೂ ಒಂದು ಕಾಯಿಲೆ ಎಂದು, ಇಷ್ಟು ಓದಿದ ನಾನೂ ನಂಬಿದ್ದೆ.

ಅಮ್ಮನಿಗೆ ಫೋನ್ ಮಾಡಿದೆ.

“ಎದೇಲಿ ಗಂಟಿತ್ತು ಕಣೇ. ಆಸ್ಪತ್ರೆ ಸೇರಿದ್ರೆ ಇಷ್ಟು ಜನಕ್ಕೆ ಬೇಯಿಸೋರು ಯಾರು ಅಂತ ಮುಚ್ಚಿಟ್ಟಿದ್ಲು” ಎಂದಳು. ನಾನು ಕೇಳದೆಯೇ, “ನಮಗೂ ಅದೇ ಅನುಕೂಲ ಆಗಿತ್ತು” ಎಂದಳು.

ಜೀನ್ ತಪಾಸಣೆಗೆ ರಕ್ತ ಕೊಟ್ಟೆ. ನನ್ನ ನಾಬೂ ಸಣ್ಣಗೇ ಇತ್ತು. ಗುರುವಾರ ಎದೆಯ ಸ್ಕ್ಯಾನ್ ಮಾಡಿಸೋಣ ಎಂದು ಡಾಕ್ಟರಮ್ಮ ಹೇಳಿದಾಗ, ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬಾಯಿಂದ ಹೊರಟ ಮಾತು ಇದು:

“ಈ ತಿಂಗಳು ಬೇಡ ಮೇಡಂ. ಮಗಳ ಪರೀಕ್ಷೆ ಇದೆ, ನಾದಿನಿ ಬರ್ತಿದಾರೆ. ನಮ್ಮನೆಯವರಿಗೆ ನೀರು ಕಾಯಿಸೋಕೂ ಬರಲ್ಲ.”

ಅವರು ನನ್ನ ನಕ್ಷೆಯನ್ನು ತೆಗೆದು, ಅದರ ಮೇಲೆ ಪೆನ್ನಿಟ್ಟು ನನ್ನ ಕಡೆ ಸರಿಸಿದರು. ಸೋದರತ್ತೆಗೊಂದು ವೃತ್ತ ಬರೆದು ಕಪ್ಪು ತುಂಬುವಷ್ಟರಲ್ಲಿ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಗುರುವಾರ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದೆ.

ವಿಷಯ ತಿಳಿದು ಗಂಡ ಮೊದಲು ಹೆದರಿದರು, ಆಮೇಲೆ ಗುರುವಾರದ ಊಟದ ವಿಚಾರ ಎತ್ತಿದರು. ನಡುವೆ ಒಂದು ನಿಮಿಷವಾದರೂ ಬಿಟ್ಟರು, ಅದನ್ನು ಒಪ್ಪಿಕೊಳ್ಳಬೇಕು.

ಸ್ಕ್ಯಾನ್ ಕೋಣೆಯಲ್ಲಿ ನನ್ನ ಫೋನು, ವಾಚು ತೆಗೆಸಿ ಬೋರಲು ಮಲಗಿಸಿದರು. ಅರ್ಧ ಗಂಟೆ ಅಲುಗಾಡಬಾರದಂತೆ. ಮೊದಲ ಐದು ನಿಮಿಷ ಮನಸ್ಸಿನಲ್ಲೇ ಅಕ್ಕಿ ತೊಳೆದೆ, ಒಗೆದ ಬಟ್ಟೆ ಮಡಚಿದೆ. ಆಮೇಲೆ ಯಂತ್ರದ ಅಷ್ಟೊಂದು ಗದ್ದಲದಲ್ಲೂ ಗಾಢ ನಿದ್ದೆ ಹೋದೆ.

ಈ ಸಲದ ವರದಿಯಲ್ಲಿ ಏನೂ ಇರಲಿಲ್ಲ. ಮುಂದಿನ ವರ್ಷದ ತಾರೀಖನ್ನು ಮನೆಯಲ್ಲಿ ಯಾರನ್ನೂ ಕೇಳದೆ ಬರೆಸಿ ಬಂದೆ.